ಲುಂಗಿಯ ಒಂದು ಹನಿ

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಯಾರಾದರೂ ಸಿಕ್ಕಿದರೆ, ಕುಶಲ ವಿಚಾರಿಸುವ ಮೊದಲೇ ಅವರ ಅಂಗಿಯ ವಾಸನೆ ಮಾತಾಡುತ್ತದೆ. ಮುಗ್ಗಲು ವಾಸನೆಯಾದರೆ ಅವರ ಮನೆಯಲ್ಲಿ ಬಟ್ಟೆ ಫ್ಯಾನಿನ ಕೆಳಗೆ ಒಣಗುತ್ತದೆ. ಹೊಗೆಯ ವಾಸನೆಯಾದರೆ ಬಚ್ಚಲು ಕೊಟ್ಟಿಗೆಯಲ್ಲಿ. ಎರಡೂ ಇಲ್ಲವೆಂದರೆ ಅವರು ನಿನ್ನೆಯಷ್ಟೇ ಗಲ್ಫಿನಿಂದ ಬಂದಿಳಿದವರು.

ನಮ್ಮದು ಹೊಗೆಯ ಪಕ್ಷವಾಗಿತ್ತು. ಹಂಡೆಯ ಒಲೆಗೆ ಅಮ್ಮ ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ತುಂಬುತ್ತಾರೆ. ಮೇಲಿನ ಸರಿಗೆಯಲ್ಲಿ ನೇತಾಡುವ ಬಟ್ಟೆ ಒಂದೇ ರಾತ್ರಿಯಲ್ಲಿ ಹಪ್ಪಳದಂತೆ ಗರಿಗರಿಯಾಗುತ್ತದೆ. ಆದರೆ ನಾನು ಶಾಲೆಯಲ್ಲಿ ಪಾಠ ಹೇಳುವವನು. ಒಂದು ದಿನ ನೀರು ಆವಿಯಾಗುವುದರ ಬಗ್ಗೆ ವಿವರಿಸುತ್ತಾ ಬೆಂಚುಗಳ ನಡುವೆ ನಡೆಯುತ್ತಿದ್ದಾಗ ಹಿಂದಿನಿಂದ ಪ್ರಶ್ನೆ ಬಂತು: “ಸರ್, ನಿಮ್ಮ ಮನೆಯಲ್ಲಿ ಇವತ್ತು ಹಲಸಿನ ಬೀಜ ಸುಟ್ಟಿದ್ದಾರಾ?”

ಅಂದೇ ಸಂಜೆ ಪಕ್ಷಾಂತರ ಮಾಡಿದೆ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಚಪ್ಪರ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆಯಲ್ಲ, ಅದರೊಳಗೆ ಹಗ್ಗ ಕಟ್ಟಿದೆ. ಹೆಸರಿನಲ್ಲಿ ಸೂರ್ಯನಿದ್ದರೆ ಸಾಲದು, ಆಕಾಶದಲ್ಲಿಯೂ ಇರಬೇಕು ಎಂದು ಎರಡು ದಿನದಲ್ಲಿ ತಿಳಿಯಿತು. ಮೂರನೆಯ ದಿನ ಬನಿಯನ್ನಿನೊಳಗೆ ಕಂಬಳಿ ಹುಳು ಬಿಡಾರ ಹೂಡಿತ್ತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನೆನೆದರೆ ಈಗಲೂ ತುರಿಸುತ್ತದೆ.

ಆಗ ಹೆಂಡತಿ ಕಾಸರಗೋಡಿನಿಂದ ಮಡಚುವ ಸ್ಟೀಲ್ ಸ್ಟ್ಯಾಂಡ್ ತಂದಳು. ರೆಕ್ಕೆ ಬಿಚ್ಚಿದರೆ ಅರ್ಧ ಚಾವಡಿ ಅದರದ್ದೇ. ಬಟ್ಟೆಯಿಂದ ಬಟ್ಟೆಗೆ ಒಂದು ಗೇಣು ಜಾಗ ಬಿಡಬೇಕು, ಕಿಟಕಿ ತುಸು ತೆರೆದಿರಬೇಕು, ಫ್ಯಾನು ನಿಲ್ಲಬಾರದು ಎಂಬುದು ಅವಳ ಶಾಸನ. ಫ್ಯಾನು ನಿಲ್ಲಬೇಕೋ ಬೇಡವೋ ಎಂಬುದು ಕರೆಂಟಿನ ಇಷ್ಟ, ಬಿಡಿ. ಕುತೂಹಲಕ್ಕೆ ನಾನು ಅಡಿಕೆ ತೂಗುವ ತಕ್ಕಡಿಗೆ ಬಟ್ಟೆಯನ್ನು ಹಾಕಿ ನೋಡಿದೆ. ಹಿಂಡಿದ ಬಟ್ಟೆ ಆರು ಕಿಲೋ. ಮೂರು ದಿನದ ಮೇಲೆ ನಾಲ್ಕು. ಅಂದರೆ ಎರಡು ಲೀಟರ್ ನೀರು ಮನೆಯೊಳಗೇ ಎಲ್ಲೋ ಇದೆ! ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಕುಳಿತು ಆ ಎರಡು ಲೀಟರನ್ನು ಹುಡುಕಿದೆ. ಸಿಕ್ಕಿತು, ಕಪಾಟಿನಲ್ಲಿ. ಹೆಂಡತಿಯ ಧಾರೆ ಸೀರೆಯ ಮೇಲೆ, ನನ್ನ ಬಿ.ಎಡ್. ಪ್ರಮಾಣಪತ್ರದ ಮೇಲೆ ಬೂದುಬಣ್ಣದ ಬೂಷ್ಟಾಗಿ. ಹೊರಗಿನ ಗಾಳಿಯೂ ಕಂಠಪೂರ್ತಿ ನೀರು ಕುಡಿದಿರುವಾಗ ಫ್ಯಾನು ಏನು ಮಾಡೀತು, ಆ ಒದ್ದೆ ಗಾಳಿಯನ್ನೇ ಪ್ರದಕ್ಷಿಣೆ ಹಾಕಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ದೇವಸ್ಥಾನದ ಬ್ರಹ್ಮಕಲಶ ಸಮಿತಿಯವರು ದೇಣಿಗೆಗೆಂದು ರಶೀದಿ ಪುಸ್ತಕ ಹಿಡಿದು ಬಂದರು. ಸ್ಟ್ಯಾಂಡನ್ನು ಒಳಗೆ ಎಳೆಯಲು ಹೋದರೆ ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡಿತು. ಹಿರಿಯರೊಬ್ಬರು ನನ್ನ ಲುಂಗಿಯ ಅಡಿಯಲ್ಲಿಯೇ ಕುರ್ಚಿ ಎಳೆದು ಕುಳಿತು, ಶಾಯಿ ಪೆನ್ನಿನ ಮುಚ್ಚಳ ತೆರೆದರು.

“ಎಷ್ಟು ಬರೆಯಲಿ ಮಾಷ್ಟ್ರೇ?”

“ಐನೂರ ಒಂದು.”

ಅವರು ದುಂಡಗೆ 501 ಎಂದು ಬರೆದರು. ಲುಂಗಿಯ ಅಂಚಿನಲ್ಲಿ ಒಂದು ಹನಿ ನಿಧಾನವಾಗಿ ಊದಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಹೇಳೋಣವೆಂದರೆ ಹೇಗೆ ಹೇಳುವುದು? ಹನಿ ಸರಿಯಾಗಿ ಐದರ ನೆತ್ತಿಗೆ ಬಿತ್ತು. ಶಾಯಿ ದೇವಸ್ಥಾನದ ಹೆಸರಿನವರೆಗೂ ಹರಿಯಿತು. ಹಿರಿಯರು ಮೊದಲು ರಶೀದಿಯನ್ನು, ಆಮೇಲೆ ಲುಂಗಿಯನ್ನು ನೋಡಿದರು.

“ಒಗೆದದ್ದೇ,” ಎಂದೆ. ಯಾರೂ ಮಾತಾಡಲಿಲ್ಲ. “ಸಾವಿರದ ಒಂದು ಬರೆಯಿರಿ,” ಎಂದೆ.

ಅವರು ಹೊಸ ಹಾಳೆ ತಿರುವಿದರು. “ದೇವರು ಕೊಡಿಸುವುದಾದರೆ ಲುಂಗಿಯಿಂದಲೂ ಕೊಡಿಸುತ್ತಾನೆ,” ಎನ್ನುತ್ತಾ ಕುರ್ಚಿಯನ್ನು ಮಾತ್ರ ಒಂದು ಮೊಳ ಹಿಂದಕ್ಕೆ ಸರಿಸಿದರು.

ಸ್ಟ್ಯಾಂಡು ಅಂದೇ ಬಚ್ಚಲು ಕೊಟ್ಟಿಗೆಗೆ ಹೋಯಿತು. ಈಗ ಎಲ್ಲರ ಸ್ನಾನ ಮುಗಿದು, ಹೊಗೆ ಅಡಗಿ, ಒಲೆಯಲ್ಲಿ ಬರೀ ಕೆಂಡ ಉಳಿದ ಮೇಲೆ ಅಮ್ಮ ಅದರ ರೆಕ್ಕೆ ಬಿಚ್ಚುತ್ತಾರೆ. ಅಂಗಿಗೆ ಸ್ವಲ್ಪ ವಾಸನೆ ಇದೆ, ಹಲಸಿನ ಬೀಜದಷ್ಟಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ, “ನೀನು ಕೇಳಿದ್ದೆಯಾ?” ಎಂದರು.

ಡಿಸೆಂಬರಿನಲ್ಲಿ ಬಿಸಿಲು ಬೇಕಾದಷ್ಟು ಬಂತು. ಖುಷಿಯಿಂದ ಸ್ಟ್ಯಾಂಡನ್ನು ಹೊತ್ತುಕೊಂಡು ಅಂಗಳಕ್ಕೆ ಬಂದರೆ ಕಾಲಿಡಲು ಜಾಗವಿಲ್ಲದಂತೆ ಅಡಿಕೆ ಹರವಿತ್ತು. ಜಗಲಿಯಲ್ಲಿ ಕುಳಿತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದರು:

“ಆ ಲುಂಗಿಯನ್ನು ಇತ್ತ ತರಬೇಡ. ಅಡಿಕೆಗೆ ಒಂದು ಹನಿ ಬಿದ್ದರೆ ನೋಡು!”