ಡೈವೋರ್ಸಿಗೆ ಮನೆ ಬೇಕಾಗಿದೆ, ಫ್ಯಾಮಿಲಿಗೆ ಮಾತ್ರ

ಹೋದ ತಿಂಗಳು ಗೆಳತಿಯೊಬ್ಬಳಿಗೆ ಮನೆ ಹುಡುಕೋಕೆ ಅಂತ ಸರಸ್ವತಿಪುರಂನಿಂದ ಕುವೆಂಪುನಗರದವರೆಗೆ ಸ್ಕೂಟರಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಅವಳಿಗೆ ಬೇಕಿದ್ದದ್ದು ಒಂದು ರೂಮು, ಒಂದು ಅಡುಗೆಮನೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಅಡ್ರೆಸ್ಸು. ಡೈವೋರ್ಸ್ ತಗೊಳ್ಳೋಕೆ.

1955ರ ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆಯಾದ ಊರಲ್ಲಿ ಅರ್ಜಿ ಹಾಕಬಹುದು, ಎದುರು ಪಾರ್ಟಿ ಇರುವ ಊರಲ್ಲಿ ಹಾಕಬಹುದು, ಇಲ್ಲಾ ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರಲ್ಲಿ. 2003ರಲ್ಲಿ ತಿದ್ದುಪಡಿ ಮಾಡಿ, ಹೆಂಡತಿ ತಾನಿರುವ ಊರಲ್ಲೂ ಹಾಕಬಹುದು ಅಂತ ಸೇರಿಸಿದರು. ಒಳ್ಳೆ ಕೆಲಸ. ಆದರೆ ಮೈಸೂರಿನ ಮನೆ ಓನರ್‌ಗಳನ್ನು ಒಂದು ಮಾತು ಕೇಳಬೇಕಿತ್ತು.

ಇವಳ ಮದುವೆ ಆಗಿದ್ದು ಮಂಡ್ಯದ ಛತ್ರದಲ್ಲಿ. ಅಲ್ಲೇ ಹಾಕ್ತೀನಿ ಅಂದಿದ್ದಕ್ಕೆ ಅವರಪ್ಪ, "ನಿನ್ ತಂಗಿ ಮದ್ವೆ ಮುಗಿಯೋಗಂಟ ಕೋರ್ಟು ಕಾಗ್ದ ಈ ಬೀದಿಗೆ ಬರಕೂಡ್ದು" ಅಂದರು. ಗಂಡ ಇರೋದು ಬೆಂಗಳೂರು. ಪ್ರತಿ ತಾರೀಖಿಗೂ ರಜೆ ಹಾಕಿ ಟ್ರೈನ್ ಹತ್ತಬೇಕು. ಉಳಿದದ್ದು ಕೆಲಸ ಮಾಡುವ ಮೈಸೂರು. ಇಲ್ಲಿ ಪಿಜಿಯಲ್ಲಿ ಇದ್ದಾಳೆ, ಆದರೆ ಆಧಾರ್ ಕಾರ್ಡು ಇನ್ನೂ ಗಂಡನ ಮನೆಯಲ್ಲೇ ಸಂಸಾರ ಮಾಡ್ತಿದೆ. ಮೈಸೂರಲ್ಲಿ ಇದ್ದೀನಿ ಅನ್ನೋಕೆ ಕೈಯಲ್ಲಿರೋದು ಪಿಜಿ ಆಂಟಿ ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ರಸೀದಿ ಮಾತ್ರ.

ಸರಿ, ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ಬೆಲ್ ಒತ್ತಿದೆವು.

"ಎಷ್ಟು ಜನ?"

"ಒಬ್ಬಳೇ ಆಂಟಿ."

"ಯಜಮಾನ್ರು?"

"ಬೆಂಗಳೂರಲ್ಲಿ."

"ಶನಿವಾರ ಭಾನುವಾರ ಬರ್ತಾರಾ?"

ಬರಲ್ಲ ಅಂದ ತಕ್ಷಣ ಮನೆ ಅವರ ತಮ್ಮನ ಮಗನಿಗೆ ಆಗಲೇ ಕೊಟ್ಟಾಗಿರುತ್ತಿತ್ತು. ಹೀಗೆ ಒಂದೇ ಭಾನುವಾರ ಐದು ಜನ ತಮ್ಮನ ಮಕ್ಕಳಿಗೆ ಮನೆ ಸಿಕ್ಕಿತು.

ಅಮೆರಿಕದ ನೆವಾಡಾದಲ್ಲಿ ಆರು ವಾರ ವಾಸ ಇದ್ದರೆ ಸಾಕಂತೆ, ಡೈವೋರ್ಸಿಗೆ ಅರ್ಜಿ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು. ನಮ್ಮಲ್ಲಿ ಇಂತಿಷ್ಟು ದಿನ ಅಂತ ಲೆಕ್ಕವೇ ಇಲ್ಲ, ಆ ಕೆಲಸವನ್ನು ಓನರ್‌ಗಳು ನೋಡಿಕೊಳ್ತಾರೆ.

ಕೊನೆಗೆ ಒಬ್ಬರು ಒಪ್ಪಿದರು. ಹನ್ನೊಂದು ತಿಂಗಳ ಅಗ್ರಿಮೆಂಟು. ಒಂದೇ ಷರತ್ತು, ಯಜಮಾನರು ಬಂದು ಸೈನ್ ಹಾಕಬೇಕು. ಇವಳು ಫೋನ್ ಮಾಡಿದಳು. ಪಾಪ ಅವನೂ ಬಿಡುಗಡೆಗೆ ಕಾಯ್ತಿದ್ದವನೇ, ಬೆಳಗ್ಗೆ ಟ್ರೈನಿಗೇ ಬಂದ. ಹೆಂಡತಿ ತನ್ನಿಂದ ಡೈವೋರ್ಸ್ ತಗೊಳ್ಳೋಕೆ ಬೇಕಾದ ಮನೆಗೆ ಗಂಡನಾಗಿ ಸೈನ್ ಹಾಕಿದ, ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಟ್ಟ, ನಲ್ಲಿ ಸೋರೋದನ್ನೂ ನೋಡಿದ. "ಎಂಥಾ ಒಳ್ಳೆ ಹುಡುಗ, ಪುಣ್ಯ ಮಾಡಿದ್ದೆ ಕಣಮ್ಮ" ಅಂದರು ಓನರ್ ಆಂಟಿ.

ಮಾರನೇ ದಿನ ಅಗ್ರಿಮೆಂಟ್ ಹಿಡಿದು ವಕೀಲರ ಹತ್ತಿರ ಹೋದೆವು. ಇಬ್ಬರೂ ಒಪ್ಪಿ ಹಾಕುವ ಅರ್ಜಿಗೆ ಒಂದು ವರ್ಷ ಬೇರೆ ಇದ್ದಿರಬೇಕು. ಅದು ಮುಗಿಯೋಕೆ ಇನ್ನು ಹತ್ತೇ ದಿನ. ವಕೀಲರು ಕಾಗದ ನೋಡಿದರು, ಸೈನ್ ನೋಡಿದರು, ಕನ್ನಡಕ ತೆಗೆದರು.

"ಇವರು ನಿನ್ನೆ ಬಂದಿದ್ರಾ?"

"ಹೌದು ಸರ್."

"ಉಳ್ಕೊಂಡ್ರಾ?"

"ಇಲ್ಲ ಸರ್, ಊಟ ಮಾಡ್ಕೊಂಡು ಹೋದ್ರು."

"ಅಡುಗೆ ಯಾರದ್ದಮ್ಮ?"