ಪೂಜೆಗೆ ಐದು ನಿಮಿಷ ಇರುವಾಗ ವಾಚಕರನ್ನ ಹುಡುಕೋದು ನಿಲ್ಲಬೇಕು

ಪೂಜೆ ಇನ್ನೇನು ಶುರುವಾಗುತ್ತೆ ಅನ್ನೋವಾಗ ಯಾರೋ ಒಬ್ರು ಬೆಂಚುಗಳ ಮಧ್ಯೆ ಓಡಾಡ್ತಾ "ಮೊದಲನೇ ವಾಚನ ಓದ್ತೀರಾ ಪ್ಲೀಸ್" ಅಂತ ಕೇಳ್ಕೊಂಡು ಬರೋದು ಎಷ್ಟೋ ಕಥೋಲಿಕ ಚರ್ಚ್‌ಗಳಲ್ಲಿ ಮಾಮೂಲಾಗಿಬಿಟ್ಟಿದೆ (ವಾಚನ ಅಂದ್ರೆ ಪೂಜೇಲಿ ಎಲ್ಲರಿಗೂ ಕೇಳೋ ಹಾಗೆ ಓದೋ ಬೈಬಲ್ ಭಾಗ). ಒಪ್ಕೊಂಡೋರು ಒಳ್ಳೇ ಮನಸ್ಸಿಂದಾನೇ ಒಪ್ಕೊಳ್ತಾರೆ, ಅವರ ಮೇಲೆ ನಂಗೆ ಒಂಚೂರೂ ಬೇಜಾರಿಲ್ಲ. ಆದ್ರೆ ಎಲ್ಲರ ಮುಂದೆ ನಿಂತು ಪುಸ್ತಕ ತೆಗೆದಾಗ್ಲೇ ಆ ಭಾಗಾನ ಮೊದಲ ಸಲ ನೋಡೋದು ಇದ್ಯಲ್ಲ, ಅದು ದೇವರ ವಾಕ್ಯಕ್ಕೂ ಕೇಳೋಕೆ ಕೂತಿರೋ ಜನಕ್ಕೂ ಮಾಡೋ ಅನ್ಯಾಯ.

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದದ್ದನ್ನ ನೆನೆಯೋ ಪೆಂತೆಕೋಸ್ತ್ ಭಾನುವಾರದ ಮೊದಲನೇ ವಾಚನಾನೇ ತಗೊಳ್ಳಿ, ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕದ ಎರಡನೇ ಅಧ್ಯಾಯ. ಪಾರ್ಥಿಯರು, ಮೇದ್ಯರು, ಕಪ್ಪದೋಕ್ಯ, ಫ್ರಿಜಿಯ, ಪಂಫೀಲಿಯ... ತಯಾರಿ ಇಲ್ದೋರು ಮೊದಲನೇ ಹೆಸರಲ್ಲೇ ತಡವರಿಸಿ ಮಿಕ್ಕಿದ್ದನ್ನೆಲ್ಲ ನುಂಗ್ಕೊಂಡು ಓಡಿಬಿಡ್ತಾರೆ. ಆದ್ರೆ ಆ ವಾಚನದ ಜೀವಾನೇ ಆ ಹೆಸರುಗಳಲ್ಲಿದೆ, ಎಲ್ಲೆಲ್ಲಿಂದಲೋ ಬಂದಿದ್ದ ಅಷ್ಟೂ ಜನ ದೇವರ ಮಹತ್ಕಾರ್ಯಗಳನ್ನ ತಮ್ತಮ್ಮ ಭಾಷೇಲಿ ಕೇಳಿದ್ರು ಅನ್ನೋದೇ ಅಲ್ಲಿನ ವಿಷ್ಯ!

ಟ್ರೇನಿಂಗ್ ಅಂದ್ರೆ ಮೈಕಿಗೆ ಎಷ್ಟು ಹತ್ರ ನಿಲ್ಬೇಕು, ಯಾವಾಗ ತಲೆ ಬಾಗಿಸ್ಬೇಕು ಅಂತ ಹೇಳ್ಕೊಟ್ರೆ ಮುಗೀತು ಅಂತ ಸುಮಾರು ಜನ ಅನ್ಕೊಂಡಿದ್ದಾರೆ. ಅದೂ ಬೇಕು, ಆದ್ರೆ ಅದು ಒಂದು ಮಧ್ಯಾಹ್ನದ ಕೆಲ್ಸ. ಸಾಧಾರಣ ಕಾಲದ (ಕ್ರಿಸ್ಮಸ್, ಈಸ್ಟರ್ ಹಬ್ಬಗಳ ಮತ್ತು ಅವುಗಳ ತಯಾರಿಯ ಕಾಲ ಬಿಟ್ಟು ಮಿಕ್ಕ) ಭಾನುವಾರಗಳಲ್ಲಿ ಮೊದಲನೇ ವಾಚನಾನ ಆವತ್ತಿನ ಶುಭಸಂದೇಶಕ್ಕೆ (ಯೇಸುವಿನ ಜೀವನ, ಬೋಧನೆ ಹೇಳೋ ಭಾಗಕ್ಕೆ) ಹೊಂದೋ ಹಾಗೆ ಆರಿಸಿರ್ತಾರೆ, ಎರಡನೇದು ಸಂತ ಪೌಲರಂಥೋರು ಬರೆದ ಬೈಬಲಿನ ಪತ್ರಗಳಿಂದ ವಾರವಾರ ಮುಂದುವರೀತಾ ಹೋಗುತ್ತೆ, ಇದನ್ನ ತಿಳ್ಕೊಂಡೋರು ಮನೇಲಿ ಶುಭಸಂದೇಶ ಮೊದಲು ಓದಿ ಆಮೇಲೆ ತಮ್ಮ ಭಾಗಕ್ಕೆ ಬರ್ತಾರೆ, ಆಗ ಎಲ್ಲಿ ನಿಲ್ಲಿಸ್ಬೇಕು ಯಾವ ಮಾತಿಗೆ ಒತ್ತು ಕೊಡ್ಬೇಕು ಅನ್ನೋದು ಗೊತ್ತಾಗುತ್ತೆ. ಸಂತ ಪೌಲರ ಉದ್ದುದ್ದ ವಾಕ್ಯಗಳನ್ನ ಅರ್ಥ ಆಗ್ದೇ ಓದಿದ್ರೆ ಕೇಳೋರಿಗೂ ಅರ್ಥ ಆಗಲ್ಲ.

ಇದು ನನ್ನೊಬ್ಬನ ಹಠ ಅಲ್ಲ. 1963ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆ (ಪ್ರಪಂಚದ ಕಥೋಲಿಕ ಬಿಷಪರು ಸೇರಿದ್ದ ಸಭೆ) ಪೀಠ ಸೇವಕರು (ಪೂಜೇಲಿ ಗುರುಗಳಿಗೆ ಸಹಾಯ ಮಾಡೋರು), ವಾಚಕರು, ಗಾನವೃಂದದವರು ಮಾಡೋದು ನಿಜವಾದ ಆರಾಧನಾ ಸೇವೆ, ಅವರಿಗೆ ಸರಿಯಾಗಿ ತರಬೇತಿ ಕೊಡ್ಲೇಬೇಕು ಅಂತ ಹೇಳಿತ್ತು. 1972ರಲ್ಲಿ ಆರನೇ ಪೌಲ್ ಪೋಪ್ ವಾಚಕ ಸೇವೆ, ಪೀಠ ಸೇವೆ ಎರಡನ್ನೂ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಕೊಡಬಹುದು ಅಂದ್ರು, ಆದ್ರೆ ಗಂಡಸರಿಗೆ ಮಾತ್ರ. ಹೆಣ್ಮಕ್ಕಳು ದಶಕಗಳಿಂದ ವಾಚನ ಓದ್ತಾ ಬಂದಿದ್ರೂ ವಿಧಿವತ್ತಾಗಿ ಆ ಸೇವೆಗೆ ನೇಮಕ ಆಗೋ ಬಾಗಿಲು ತೆಗೆದಿದ್ದು 2021ರ ಜನವರಿಯಲ್ಲಿ, ಪೋಪ್ ಫ್ರಾನ್ಸಿಸ್. ತುಂಬಾ ತಡ ಆಯ್ತು ಅಂತ ನಂಗನ್ಸುತ್ತೆ, ಆದ್ರೂ ಖುಷಿ.

ಪರಮಪ್ರಸಾದ (ಪೂಜೇಲಿ ಕ್ರಿಸ್ತನ ಶರೀರವಾಗಿ ಸ್ವೀಕರಿಸೋ ರೊಟ್ಟಿ) ಹಂಚೋಕೆ ಸಹಾಯ ಮಾಡೋರ ತಯಾರಿ ಇನ್ನೂ ಸೂಕ್ಷ್ಮ, ಯಾಕಂದ್ರೆ ಅವರು ಹಾಸಿಗೆ ಹಿಡಿದೋರ ಹತ್ರಾನೂ ಹೋಗ್ತಾರೆ. ಅಲ್ಲಿ ಪ್ರಸಾದ ಕೊಟ್ಟು ಗಡಿಬಿಡೀಲಿ ಹೊರಡೋದಲ್ಲ, ಚಿಕ್ಕ ವಾಚನ, ಪ್ರಾರ್ಥನೆ ಎಲ್ಲ ಆ ವಿಧಿಯಲ್ಲೇ ಇದೆ, ರೋಗಿ ಮಾತಾಡ್ಬೇಕು ಅಂದ್ರೆ ಕೂತು ಕೇಳೋ ತಾಳ್ಮೇನೂ ಬೇಕು.

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ, ವಾಚಕರ ಪಟ್ಟಿ ತಿಂಗಳಿಗೆ ಮುಂಚೆ ಹಾಕ್ಸಿ, ಹೊಸಬರನ್ನ ಅನುಭವ ಇರೋರ ಜೊತೆ ಕೂರಿಸಿ ಆ ವಾರದ ಭಾಗಾನ ಗಟ್ಟಿಯಾಗಿ ಓದಿಸಿ, ಯಾರೂ ಸಿಗದ ದಿನ ಎರಡೂ ವಾಚನಾನ ತಯಾರಾಗಿ ಬಂದಿರೋ ಒಬ್ರೇ ಓದ್ಲಿ.