ಅರಮನೆ ನಿಮ್ಮದು, ಒಡೆತನ ಆಮೇಲೆ ನೋಡೋಣ

ಕೇರಳದ ಕೋವಳಂನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲೆ ಒಂದು ಅರಮನೆ ಇದೆ. ಹೆಸರು ಹ್ಯಾಲ್ಸಿಯನ್ ಕ್ಯಾಸಲ್. ಪಕ್ಕದಲ್ಲೇ ಪಂಚತಾರಾ ಹೋಟೆಲ್. ಬಂದವರು ಗೋಡೆ ನೋಡುತ್ತಾರೆ, ಅಲೆ ನೋಡುತ್ತಾರೆ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನೋಡಬೇಕಾದ ವಾಸ್ತುಶಿಲ್ಪ ಮಾತ್ರ ಅಲ್ಲಿಲ್ಲ. ಅದು ಕಂದಾಯ ಇಲಾಖೆಯ ಫೈಲಿನಲ್ಲಿದೆ. ಒಂದು ಇಟ್ಟಿಗೆಯನ್ನೂ ಇಡದೆ ನಮ್ಮ ಸರ್ಕಾರಗಳು ಈ ಕಟ್ಟಡದ ಮೇಲೆ ಎಷ್ಟು ಮಹಡಿ ಎಬ್ಬಿಸಿವೆ ಅಂದರೆ, ಮೇಸ್ತ್ರಿಗಳೇ ಕೈಮುಗಿಯಬೇಕು.

ಅರಮನೆ ಕಟ್ಟಿದ್ದು 1932ರಲ್ಲಿ. ತಿರುವಾಂಕೂರನ್ನು ರೀಜೆಂಟ್ ಆಗಿ, ಅಂದರೆ ಇನ್ನೂ ಚಿಕ್ಕವನಾಗಿದ್ದ ರಾಜನ ಪರವಾಗಿ, ಆಳಿದ ಮಹಾರಾಣಿ ಸೇತು ಲಕ್ಷ್ಮಿಬಾಯಿ ಅವರ ಕುಟುಂಬ ಬಿಡುವಿನಲ್ಲಿ ಬಂದು ಇರಲು ಮಾಡಿಕೊಂಡ ಮನೆ. 1964ರಲ್ಲಿ ಅದು ಕೇರಳ ಸರ್ಕಾರಕ್ಕೆ ಮಾರಾಟವಾಯಿತು. ಮಹಾರಾಣಿ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರು, 1985ರಲ್ಲಿ ಇಲ್ಲೇ ತೀರಿಕೊಂಡರು. ಇಡೀ ಕಥೆಯಲ್ಲಿ ಆ ಮನೆಯ ಗೊಡವೆಯಿಂದ ನೆಮ್ಮದಿಯಾಗಿ ಹೊರಬಿದ್ದವರು ಅವರೊಬ್ಬರೇ ಇರಬೇಕು.

ಮಾರಾಟದ ಆಮೇಲೆ ಅರಮನೆ ರಾಜ್ಯದಿಂದ ಕೇಂದ್ರಕ್ಕೆ, ಅಂದರೆ ಕೇಂದ್ರದ ಪ್ರವಾಸೋದ್ಯಮ ನಿಗಮ ಐಟಿಡಿಸಿಗೆ. ಪಕ್ಕದಲ್ಲಿ ಹೋಟೆಲ್ ಕಟ್ಟಲು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಬಂದರು. ಅವರು ಮಾಡಿದ ಕೆಲಸ ಇವತ್ತಿಗೂ ಪಾಠ. ಗುಡ್ಡ ಅಗೆದು ಸಮತಟ್ಟು ಮಾಡಿ ಡಬ್ಬದ ಹಾಗೆ ಕಟ್ಟಡ ನಿಲ್ಲಿಸಲಿಲ್ಲ. ಗುಡ್ಡ ಹೇಗೆ ಇಳಿಯುತ್ತದೋ ಹಾಗೇ ಕೋಣೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಪ್ರತಿ ಕೋಣೆಗೂ ಬಿಸಿಲು ಕಾಯಿಸಲು ಅದರದ್ದೇ ಜಗಲಿ. ಬಿಳಿ ಗೋಡೆ, ಕೆಂಪು ಹೆಂಚು. ಗುಡ್ಡದ ಅಂದ ಗುಡ್ಡಕ್ಕೇ ಉಳಿಯಿತು. (ಪಕ್ಕದ ಲೈಟ್‌ಹೌಸ್ ಬೀಚಿಗೆ ಹೋಗಿ ನೋಡಿ. ಅಲ್ಲಿ ಹೋಟೆಲುಗಳೇ ಸ್ನಾನಕ್ಕೆ ಇಳಿಯಲು ಬಂದಂತೆ ಮರಳಿನ ಅಂಚಿನವರೆಗೂ ಸಾಲುಗಟ್ಟಿವೆ.)

ಕೊರಿಯಾ ಕಟ್ಟಡವನ್ನು ಗುಡ್ಡದೊಳಗೆ ಅಡಗಿಸಿದರು. ಸರ್ಕಾರ ಅರಮನೆಯನ್ನು ಕಡತದೊಳಗೆ ಅಡಗಿಸಿತು.

2002ರಲ್ಲಿ ಕೇಂದ್ರ ಹೋಟೆಲನ್ನು ಖಾಸಗಿಯವರಿಗೆ ಮಾರಿತು. ಹೋಟೆಲ್ ಮಾರಿದಿರಿ ಸರಿ, ಅರಮನೆ ಸೇರಿಯೋ, ಬಿಟ್ಟೋ? ಮಾರುವ ಮೊದಲು ಕೇಳಬೇಕಾದ ಪ್ರಶ್ನೆ ಅಲ್ವಾ ಇದು? ನಮ್ಮಲ್ಲಿ ಮಾರಿದ ಮೇಲೆ ಕೇಳುವುದು ರೂಢಿ. 2004ರಲ್ಲಿ ಕೇರಳ ಸರ್ಕಾರ "ಅರಮನೆ ನಮ್ಮದು" ಅಂತ ವಶಕ್ಕೆ ತೆಗೆದುಕೊಳ್ಳಲು ಹೊರಟಿತು. ಕೋರ್ಟು ಒಪ್ಪಲಿಲ್ಲ. ಆದೇಶ ನಿಲ್ಲದಿದ್ದರೆ ಏನಾಯ್ತು, ಕಾನೂನನ್ನೇ ಮಾಡೋಣ ಅಂತ 2005ರಲ್ಲಿ ಈ ಒಂದೇ ಅರಮನೆಗಾಗಿ ಒಂದು ಕಾಯ್ದೆ ಬಂತು. 2011ರಲ್ಲಿ ಹೈಕೋರ್ಟ್ ಅದನ್ನೂ ಹೊಡೆದುಹಾಕಿತು. ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ಅಲ್ಲೂ ಸೋತರು.

ಈ ಮಧ್ಯೆ ಹೋಟೆಲ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇತ್ತು. ಬೋರ್ಡಿನ ಮೇಲೆ ಐಟಿಡಿಸಿಯ ಅಶೋಕ ಹೋಗಿ ಲೀಲಾ ಬಂತು, ಲೀಲಾ ಜೊತೆಗೆ ರವೀಸ್ ಸೇರಿತು. ಕೊರಿಯಾಗಿಂತ ಬೋರ್ಡ್ ಬರೆಯುವವನಿಗೇ ಜಾಸ್ತಿ ಕೆಲಸ.

2017ರಲ್ಲಿ ಬಂದದ್ದು ನೋಡಿ ಕಲಶ. ರಾಜ್ಯ ಸಚಿವ ಸಂಪುಟ ಅರಮನೆಯನ್ನು ಹೋಟೆಲಿನವರಿಗೆ ಬಿಟ್ಟುಕೊಡಲು ತೀರ್ಮಾನಿಸಿತು. ಜೊತೆಗೆ ಒಂದು ಷರಾ: ಒಡೆತನದ ಬಗ್ಗೆ ಸಿವಿಲ್ ದಾವೆ ಹೂಡುವ ಹಕ್ಕು ನಮ್ಮ ಬಳಿಯೇ ಇರುತ್ತದೆ. ಹಸು ನೀವು ಕಟ್ಟಿಕೊಳ್ಳಿ, ಹಾಲು ನೀವೇ ಕರೆಯಿರಿ, ಹಗ್ಗದ ತುದಿ ಮಾತ್ರ ನಮ್ಮ ಕೈಲಿರಲಿ. ಕೋರ್ಟಿಗೂ ಮರ್ಯಾದೆ, ಮಾಲೀಕರಿಗೂ ಬೀಗದ ಕೈ, ಮುಂದಿನ ಚುನಾವಣೆಗೂ ಒಂದು ಭಾಷಣ. ಇಂಥ ಒಂದು ವಾಕ್ಯ ಬರೆಯಲು ಯಾವ ಆರ್ಕಿಟೆಕ್ಟ್ ಕಾಲೇಜೂ ಕಲಿಸುವುದಿಲ್ಲ.

ಇದೇ ಐಟಿಡಿಸಿ ನಮ್ಮ ಮೈಸೂರಿನ ಲಲಿತಮಹಲನ್ನೂ ಹೋಟೆಲ್ ಮಾಡಿತ್ತು. ಕೊನೆಗೆ ಅದು ಹೆಚ್ಚು ಗಲಾಟೆ ಇಲ್ಲದೆ ಕರ್ನಾಟಕ ಸರ್ಕಾರದ ಕೈಗೆ ಬಂತು. ಎಷ್ಟು ಸಪ್ಪೆ ಕಥೆ!

ಕೋವಳಂನವರು ತಮ್ಮ ಆಸ್ತಿಯನ್ನು ಸರಿಯಾಗಿ ಬಳಸಿಕೊಳ್ಳಬೇಕು. ಒಂದು ಹೆರಿಟೇಜ್ ವಾಕ್ ಶುರುವಾಗಲಿ. ಲಾಬಿಯಲ್ಲಿ 1964ರ ಕ್ರಯಪತ್ರಕ್ಕೆ ಗಾಜಿನ ಪೆಟ್ಟಿಗೆ. ಮೆಟ್ಟಿಲಿಳಿದರೆ 2005ರ ಕಾಯ್ದೆ, ಅದರ ಪಕ್ಕದಲ್ಲೇ ಅದನ್ನು ರದ್ದು ಮಾಡಿದ ತೀರ್ಪು, ಸೂರ್ಯಾಸ್ತದ ಬೆಳಕಿನಲ್ಲಿ ಓದಲು ಎರಡು ಕುರ್ಚಿ. ವಕೀಲರಿಗೆ ಟಿಕೆಟ್ ಬೇಡ, ಅವರು ಕಟ್ಟಿದ್ದೇ ಜಾಸ್ತಿ. ಉಳಿದವರಿಂದ ವಸೂಲು ಮಾಡಿ. ಆದರೆ ಟಿಕೆಟ್ ಮೇಲೆ ಯಾರ ಮೊಹರು ಹಾಕಬೇಕು ಎನ್ನುವುದಕ್ಕೆ ಮೊದಲು ಒಂದು ಸಮಿತಿ ಮಾಡಿ.